ಚಿಗಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಪ್ರಶ್ನೆ: ನಾವು ಹೈದರಾಬಾದಿನಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ನಮ್ಮ ಕಡೆಯ ಮಕ್ಕಳ ತಿನಿಸುಗಳ ಬಗ್ಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕ ತಂದಿದ್ದೇನೆ. ಪ್ರತಿ ಸಾಲನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದುತ್ತೇನೆ. ಕನ್ನಡ ಓದುವಾಗ ಅವನು ಫ್ಯಾನ್ ನೋಡುತ್ತಿರುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಹುಡುಗ ಜಾಣ. ಹೇಗೂ ಅಮ್ಮ ಇನ್ನೊಂದು ಸಲ ಇಂಗ್ಲಿಷಿನಲ್ಲಿ ಹೇಳುತ್ತಾಳೆಂದು ಗೊತ್ತಿದ್ದ ಮೇಲೆ ಮೊದಲ ಸಲ ಯಾಕೆ ಕೇಳಬೇಕು? ಮೊಮ್ಮಗಳ ಹತ್ತಿರ ನಾನೂ ಇದೇ ತಪ್ಪು ಮಾಡಿದ್ದೆ. ಕನ್ನಡ ಮುಗಿಯುವವರೆಗೆ ಅವಳು ನನ್ನ ಬಳೆ ಎಣಿಸುತ್ತಿದ್ದಳು. ಕೊನೆಗೆ ಹಳೆಯ ಕ್ಯಾಲೆಂಡರಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಇಂಗ್ಲಿಷ್ ಸಾಲಿನ ಮೇಲೆ ಇಟ್ಟೆ. ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಆ ಪಟ್ಟಿ ನನ್ನ ಬಾಯಿಗೆ ಹಾಕಿದ ಬೀಗ. ಒಂದು ದಿನ ಇಡೀ ಪುಸ್ತಕ ಕನ್ನಡದಲ್ಲೇ ಓದಿ. ಇಂಗ್ಲಿಷ್ ಬೇರೆ ದಿನಕ್ಕಿರಲಿ, ಅದನ್ನು ನಿಮ್ಮ ಮನೆಯವರು ಓದಲಿ.

ತಿನಿಸಿನ ಪುಸ್ತಕದಲ್ಲಿ ಇನ್ನೊಂದು ಅನುಕೂಲವಿದೆ: ಅರ್ಥ ಹೇಳಬೇಕಾಗಿಲ್ಲ, ತಿನ್ನಿಸಿದರಾಯಿತು. ಚಿಗಳಿ ಎಂದರೇನು ಎಂದು ಮೊಮ್ಮಗಳು ಕೇಳಿದಳು. ಪಟ್ಟಿಯ ಕೆಳಗೆ 'ಟ್ಯಾಮರಿಂಡ್ ಕ್ಯಾಂಡಿ' ಎಂದಿತ್ತು. ಅದನ್ನು ಕೇಳಿ ಯಾರ ಬಾಯಲ್ಲಿ ನೀರೂರುತ್ತದೆ? ಕುಟ್ಟಾಣಿ ತೆಗೆದೆ. ಬೀಜ, ನಾರು ಬಿಡಿಸಿದ ಹುಣಸೆಹಣ್ಣು, ಬೆಲ್ಲ, ಚಿಟಿಕೆ ಜೀರಿಗೆ, ಉಪ್ಪು. ನನ್ನ ಪಾಲಿಗೆ ಮಾತ್ರ ಒಣಮೆಣಸಿನಕಾಯಿ. ನಮ್ಮ ಕಾಲದಲ್ಲಿ ಉಂಡೆಯನ್ನು ಪೊರಕೆಕಡ್ಡಿಗೆ ಸಿಕ್ಕಿಸುತ್ತಿದ್ದೆವು, ಈಗಿನ ತಾಯಂದಿರು ಹೌಹಾರುತ್ತಾರೆಂದು ಅವಳಿಗೆ ಐಸ್‌ಕ್ರೀಮ್ ಕಡ್ಡಿ ಕೊಟ್ಟೆ. ನೆಕ್ಕಿದಳು. ಒಂದು ಕಣ್ಣು ಮುಚ್ಚಿತು, ಭುಜ ಕಿವಿಯವರೆಗೆ ಏರಿತು, ಆಮೇಲೆ ನಾಲಗೆ ಲೊಟ್ಟೆ ಹೊಡೆಯಿತು. ಮರುದಿನ ಆ ಪುಟ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಲೊಟ್ಟೆ ಹೊಡೆದು "ಚಿಗಳಿ" ಎಂದಳು.

ನೆಲ್ಲಿಕಾಯಿಯ ಪುಟದಲ್ಲಿ ಕನ್ನಡದ ಸಾಲು 'ಹುಳಿ, ಒಗರು' ಎಂದರೆ ಇಂಗ್ಲಿಷಿನದು ಬರೀ ಹುಳಿಗೆ ಮುಗಿದಿತ್ತು. ಒಗರನ್ನು ಬಾಯಿಮಾತಿನಲ್ಲಿ ಕಲಿಸಲು ಹೋಗಬೇಡಿ. ಒಂದು ಸಣ್ಣ ಹೋಳು ಅಗಿಸಿ, ಮೇಲೆ ನೀರು ಕುಡಿಸಿ. ನೀರು ಸಿಹಿಯಾದದ್ದು ಹೇಗೆ ಎಂದು ಅವನೇ ಕೇಳುತ್ತಾನೆ.

ಕಡಲೆ ಮಿಠಾಯಿ ಮಾತ್ರ ಜೋಪಾನ. ಗಟ್ಟಿ ಚೂರು, ಇಡೀ ಬೀಜ ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನುಣ್ಣಗೆ ಪುಡಿ ಮಾಡಿ, ಕೂರಿಸಿ ಕೊಡಿ.

ಇನ್ನಷ್ಟು ಪುಸ್ತಕ ಬೇಕಾದರೆ ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ–ಇಂಗ್ಲಿಷ್ ಚಿತ್ರಪುಸ್ತಕಗಳನ್ನು ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ದುಡ್ಡಿಲ್ಲದೆ ಓದಬಹುದು. ಎಷ್ಟೋ ಕಥೆಗಳು ತೆಲುಗಿನಲ್ಲೂ ಇವೆ, ಪಕ್ಕದ ಮನೆಯ ಮಗುವನ್ನೂ ಕರೆದು ಕೂರಿಸಿಕೊಳ್ಳಿ.

ಚಿಗಳಿ ತಿಂದ ಕೈಯಲ್ಲಿ ಪುಸ್ತಕ ಮುಟ್ಟಬೇಡ ಎಂದು ಗದರಬೇಡಿ. ನಮ್ಮ ಮನೆಯ ಪ್ರತಿಯಲ್ಲಿ ಆ ಪುಟವನ್ನು ಈಗಲೂ ಉಗುರು ಹಾಕಿಯೇ ಬಿಡಿಸಬೇಕು.