ಪುತ್ತರಿಯ ಗುಂಡಿನ ಸದ್ದು ಮತ್ತು ಪುಟ್ಟ ನಾಯಿಯ ಭೇದಿ

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗ ಗುಂಡು ಹಾರಿಸಿದ ಮರುದಿನವೇ ನಿಮ್ಮ ಪೊಮೆರೇನಿಯನ್‌ಗೆ ಲೋಳೆ ಬೆರೆತ ಭೇದಿಯಾಗುತ್ತದೆ, ಒಂದು ದಿನ ಉಪವಾಸ ಕೆಡವಬಹುದೇ ಎಂದು ವಿರಾಜಪೇಟೆಯಿಂದ ಕೇಳಿದ್ದೀರಿ. ಕೆಡವಬೇಡಿ. ದೊಡ್ಡ ನಾಯಿ ತಾಳಿಕೊಳ್ಳುವ ಉಪವಾಸದಿಂದ ಇಂಥ ಪುಟ್ಟ ತಳಿಗಳಲ್ಲಿ, ಅದರಲ್ಲೂ ಮರಿಗಳಲ್ಲಿ, ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಪದೇ ಪದೇ ತಿಣುಕಿ ಸ್ವಲ್ಪವೇ ಹೋಗುವುದು, ಲೋಳೆ, ಕೆಲವೊಮ್ಮೆ ಒಂದೆರಡು ಹನಿ ಕೆಂಪು ರಕ್ತ, ಇವೆಲ್ಲ ದೊಡ್ಡ ಕರುಳು ಕೆರಳಿರುವ ಲಕ್ಷಣಗಳು. ಭಯದಿಂದ ಕರುಳಿನ ಚಲನೆ ಚುರುಕಾಗಿ ನೀರನ್ನು ಹೀರಿಕೊಳ್ಳಲು ಸಮಯ ಸಾಲದೆ ಹೀಗಾಗುತ್ತದೆ. ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ ಒಂದು ಪಾಲು ಮತ್ತು ಮೆತ್ತಗೆ ಬೆಂದ ಅನ್ನ ಎರಡು ಪಾಲನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ ಕಲಸಿ, ಎರಡು ಮೂರು ದಿನ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ನಂತರ ಹಳೆಯ ಆಹಾರವನ್ನು ನಿಧಾನವಾಗಿ ಬೆರೆಸುತ್ತ ಬನ್ನಿ. ನೀರು ಸದಾ ಇರಲಿ. ಮನುಷ್ಯರ ಭೇದಿ ಮಾತ್ರೆ ಬೇಡ.

ಹಬ್ಬದ ದಿನ ನೆಂಟರು ಅಕ್ಕರೆಯಿಂದ ಹಾಕುವ ಪಂದಿ ಕರಿಯ, ಅಂದರೆ ಹಂದಿಮಾಂಸದ ಸಾರಿನ, ತುಣುಕನ್ನೂ ಅನುಮಾನಿಸಿ (ನನ್ನ ಅನುಮಾನ ಗುಂಡಿನಷ್ಟೇ ಅದರ ಮೇಲೂ ಇದೆ), ಏಕೆಂದರೆ ಆ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಕೆರಳಿಸಬಲ್ಲದು.

ವಾಂತಿ, ಮಂಕುತನ, ಒಣಗಿದ ಒಸಡು ಅಥವಾ ಕಪ್ಪು ಮಲ ಕಂಡರೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಗುಂಡಿನ ಸದ್ದಿಲ್ಲದ ದಿನಗಳಲ್ಲೂ ಭೇದಿ ಮರುಕಳಿಸಿದರೆ, ತೋಟದ ತೋಡಿನ ನೀರು ಕುಡಿಯುವ ನಾಯಿಗಳಿಗೆ ತಗಲಬಹುದಾದ ಜಿಯಾರ್ಡಿಯಾ ಪರಾವಲಂಬಿಗಾಗಿ ಮಲ ಪರೀಕ್ಷೆಯನ್ನೂ, ಒತ್ತಡದ ಭೇದಿಯಂತೆಯೇ ತೋರುವ ಆಡಿಸನ್ ಕಾಯಿಲೆಗಾಗಿ (ಮೂತ್ರಪಿಂಡದ ಮೇಲಿನ ಗ್ರಂಥಿಯ ಹಾರ್ಮೋನ್ ಕೊರತೆ) ರಕ್ತ ಪರೀಕ್ಷೆಯನ್ನೂ ಮಾಡಿಸಿ. ಮುಂದಿನ ಪುತ್ತರಿಗೆ ಕೆಲವು ವಾರ ಮೊದಲೇ ಭಯ ತಗ್ಗಿಸುವ ಔಷಧದ ಬಗ್ಗೆ ವೈದ್ಯರೊಡನೆ ಮಾತನಾಡಿ, ಆ ರಾತ್ರಿ ನಾಯಿಯನ್ನು ಒಳಕೋಣೆಯಲ್ಲಿ ರೇಡಿಯೊ ಹಾಕಿ ಇರಿಸಿ.