ದಿ ಲ್ಯಾವೆಂಡರ್ ಹಿಲ್ ಮಾಬ್‌ನಲ್ಲಿ ಆಡ್ರೆ ಹೆಪ್‌ಬರ್ನ್ ಎಲ್ಲಿ?

1951ರ ಈ ಬ್ರಿಟಿಷ್ ಹಾಸ್ಯ ಸಿನಿಮಾ ಪೂರ್ತಿ ನೋಡಿದರೂ ನಟಿ ಹೆಪ್‌ಬರ್ನ್ ಕಾಣಲಿಲ್ಲ, ದೃಶ್ಯ ಕತ್ತರಿಸಿದ್ದಾರಾ ಎಂದು ಕೇಳಿದ್ದೀರಿ. ಕತ್ತರಿಸಿಲ್ಲ ಸಾರ್, ನೀವು ಹುಡುಕಿದ ಜಾಗ ತಪ್ಪು. ಲಂಡನ್ನಿನ ಕಥೆಯಲ್ಲಿ ಆಕೆ ಇಲ್ಲವೇ ಇಲ್ಲ. ಟೈಟಲ್ ಮುಗಿದ ಕೂಡಲೇ ದಕ್ಷಿಣ ಅಮೆರಿಕದ ರೆಸ್ಟೋರೆಂಟಿನಲ್ಲಿ ನಾಯಕ ಅಲೆಕ್ ಗಿನ್ನೆಸ್ ಕೂತು ಬಂದವರಿಗೆಲ್ಲ ಧಾರಾಳವಾಗಿ ದುಡ್ಡು ಹಂಚುತ್ತಿರುತ್ತಾನಲ್ಲ, ಅಲ್ಲಿ 'ಚಿಕೀಟಾ' ಎಂಬ ಹೆಸರು ಕೇಳಿದೊಡನೆ ಚಿತ್ರ ನಿಲ್ಲಿಸುವ 'ಪಾಸ್' (pause) ಒತ್ತಿ. ಹುಟ್ಟುಹಬ್ಬದ ಉಡುಗೊರೆಗೆಂದು ಅವನಿಂದ ನೋಟು ತೆಗೆದುಕೊಂಡು, ಮುತ್ತು ಕೊಟ್ಟು ಹೋಗುವವಳೇ ಆಕೆ. ಕೆಲವೇ ಸೆಕೆಂಡು, ಒಂದೇ ಮಾತು. ಆಮೇಲೆ ಕಥೆ ಫ್ಲ್ಯಾಶ್‌ಬ್ಯಾಕಿಗೆ ಜಾರುತ್ತದೆ. 'ಸ್ಕಿಪ್ ಇಂಟ್ರೊ' ಒತ್ತುವವರಿಗೆ ತಪ್ಪಿಹೋಗುವುದು ಇಲ್ಲೇ.

ಇನ್ನೊಂದು: ಇದು ಹಳೆಯ ಚೌಕಾಕಾರದ ಚೌಕಟ್ಟಿನ ಕಪ್ಪು-ಬಿಳುಪು ಚಿತ್ರ. ಟಿವಿಯಲ್ಲಿ 'ಜೂಮ್' ಇಟ್ಟರೆ ಮೇಲೆ-ಕೆಳಗೆ ಕತ್ತರಿಸಿ, ನಿಂತವರ ತಲೆಯೇ ಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಇರಲಿ ಬಿಡಿ.

ಆಕೆಗಾಗಿಯೇ ನೋಡುವುದಾದರೆ ಅದೇ 1951ರ 'ಯಂಗ್ ವೈವ್ಸ್ ಟೇಲ್' ಹುಡುಕಿ. ಯುದ್ಧಾನಂತರದ ಮನೆ ಅಭಾವದ ಮೇಲಿನ ಹಾಸ್ಯ. ಅದರಲ್ಲಿ ಈವ್ ಎಂಬ ಬಾಡಿಗೆದಾರಳ ನಿಜವಾದ ಪಾತ್ರವಿದೆ. 'ಲಾಫ್ಟರ್ ಇನ್ ಪ್ಯಾರಡೈಸ್'ನಲ್ಲಿ ಸಿಗರೇಟು ಮಾರುವ ಹುಡುಗಿ, ಅಷ್ಟೇ. ಸಿನಿಮಾ ಮಟ್ಟಿಗೆ ಮಾತ್ರ ಇವೆರಡೂ ಲ್ಯಾವೆಂಡರ್ ಹಿಲ್‌ನ ಹತ್ತಿರಕ್ಕೂ ಬರವು. ಕದ್ದ ಚಿನ್ನವನ್ನು ಕರಗಿಸಿ ಐಫೆಲ್ ಟವರ್ ಗೊಂಬೆ ಎರಕ ಹೊಯ್ಯುವ ಟಿ.ಇ.ಬಿ. ಕ್ಲಾರ್ಕ್ ಕಥೆಗೆ ಆಸ್ಕರ್ ಸುಮ್ಮನೆ ಬಂದದ್ದಲ್ಲ. ಇನ್ನೊಮ್ಮೆ ನೋಡುವಾಗ ಪೊಲೀಸ್ ಪ್ರದರ್ಶನದ ದೃಶ್ಯದಲ್ಲಿ ಮುಂದೆ 'ಜಾಸ್' ಚಿತ್ರದಿಂದ ಹೆಸರಾದ ನಟ ರಾಬರ್ಟ್ ಶಾ ಕೂಡ ಸಿಗುತ್ತಾನೆ, ಹೆಸರಿಲ್ಲದ ಪಾತ್ರದಲ್ಲಿ.