ಸಮುದ್ರದ ಸ್ಪಂಜಿನ ಕ್ಯಾಪ್ಸೂಲ್ ಅಕ್ಕಂಗೆ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಕ್ಕಂಗೆ ಬ್ರೆಸ್ಟ್ ಕ್ಯಾನ್ಸರ್, ಕೀಮೋ ನಡೀತಿದೆ. ಸಮುದ್ರದ ಸ್ಪಂಜಿನಿಂದ ಕ್ಯಾನ್ಸರ್ ವಾಸಿಯಾಗತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ, ಅದರ ಕ್ಯಾಪ್ಸೂಲೂ ಸಿಗತ್ತಂತೆ. ತರಿಸಿ ಕೊಡ್ಲಾ?
- ಓದುಗರೊಬ್ಬರು, ಕುಮಟಾ

ಉತ್ತರ: ದಯವಿಟ್ಟು ತರಿಸಬೇಡಿ ಅಮ್ಮಾ. ಆದ್ರೆ ಸ್ಪಂಜಿನ ವಿಷ್ಯ ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಇಂಥ ಮೆಸೇಜು ಎಂಥವ್ರನ್ನೂ ನಂಬಿಸಿಬಿಡತ್ತೆ.

ಸ್ಪಂಜು ಗಿಡ ಅಲ್ಲ, ಪ್ರಾಣಿ. ಬಂಡೆಗೆ ಅಂಟ್ಕೊಂಡೇ ಇರತ್ತೆ, ಓಡೋಕಾಗಲ್ಲ, ಹಲ್ಲಿಲ್ಲ, ಚಿಪ್ಪಿಲ್ಲ, ಹಾಗಾಗಿ ತಿನ್ನೋಕೆ ಬರೋ ಮೀನುಗಳಿಂದ ಉಳ್ಕೊಳ್ಳೋಕೆ ಅದರ ಮೈಯಲ್ಲಿ ವಿಷ ಇರತ್ತೆ, ಎಷ್ಟೋ ಸಲ ಆ ವಿಷ ತಯಾರಿಸೋದು ಒಳಗೆ ವಾಸ ಇರೋ ಬ್ಯಾಕ್ಟೀರಿಯಾ. ಜಪಾನಿನಲ್ಲಿ ಹಾಲಿಕಾಂಡ್ರಿಯಾ ಒಕಾಡಾಯ್ ಅಂತ ಒಂದು ಕಪ್ಪು ಸ್ಪಂಜು. 1980ರ ದಶಕದಲ್ಲಿ ಹಿರಾಟಾ, ಉಯೆಮುರಾ ಅನ್ನೋ ವಿಜ್ಞಾನಿಗಳ ತಂಡ ಅದನ್ನ 600 ಕೆ.ಜಿ. ತಂದು ರಸ ತೆಗೆದು ಸೋಸಿದ್ರೆ ಕೊನೆಗೆ ಸಿಕ್ಕಿದ ಹಾಲಿಕಾಂಡ್ರಿನ್ ಬಿ ಅನ್ನೋ ವಿಷ 12.5 ಮಿಲಿಗ್ರಾಂ. ಒಂದು ಅಕ್ಕಿಕಾಳು ಅಂಗೈಲಿಟ್ಟು ನೋಡಿ, ಹೆಚ್ಚುಕಮ್ಮಿ ಅದರ ಅರ್ಧ ತೂಕ! ಇನ್ನು ಡಬ್ಬೀಲಿ ಬರೋ ಪುಡೀಲಿ ಎಷ್ಟಿರತ್ತೆ ಅಂತ ನೀವೇ ಲೆಕ್ಕ ಹಾಕಿ.

ಜೀವಕೋಶ ಎರಡಾಗೋವಾಗ ಒಳಗೆ ಸಣ್ಣ ಎಳೆಗಳು ಬೆಳೀಬೇಕು, ಈ ವಿಷ ಬೆಳೆಯೋಕೆ ಬಿಡಲ್ಲ, ಕೋಶ ಅರ್ಧದಲ್ಲೇ ಸಿಕ್ಕಾಕ್ಕೊಂಡು ಸಾಯತ್ತೆ. 1992ರಲ್ಲಿ ಹಾರ್ವರ್ಡ್‌ನ ಯೋಶಿತೋ ಕಿಶಿ ತಂಡ ಇದನ್ನ ಲ್ಯಾಬಲ್ಲೇ ತಯಾರಿಸಿತು, ಆಮೇಲೆ ಕೆಲಸಕ್ಕೆ ಬರೋ ಭಾಗ ಮಾತ್ರ ಉಳಿಸ್ಕೊಂಡು ಎರಿಬುಲಿನ್ ಅನ್ನೋ ಇಂಜೆಕ್ಷನ್ ಬಂತು. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಬೇರೆ ಕೀಮೋಗಳಾದ ಮೇಲೂ ಹರಡಿರೋ ಬ್ರೆಸ್ಟ್ ಕ್ಯಾನ್ಸರ್‌ಗೆ. ಅದರಲ್ಲಿ ಸ್ಪಂಜಿನ ಚೂರೂ ಇರಲ್ಲ. 21 ದಿನದ ಸೈಕಲ್‌ನಲ್ಲಿ 1ನೇ ದಿನ, 8ನೇ ದಿನ ರಕ್ತನಾಳಕ್ಕೆ ಕೊಡ್ತಾರೆ, ಬಿಳಿ ರಕ್ತಕಣ ಇಳಿಯತ್ತೆ, ಕೈಕಾಲು ಜೋಮು ಹಿಡಿಯತ್ತೆ, ಅದಕ್ಕೇ ಪ್ರತಿ ಡೋಸಿಗೂ ಮೊದಲು ರಕ್ತ ಪರೀಕ್ಷೆ ಮಾಡ್ತಾರೆ. ಈ ಹಂತದಲ್ಲಿ ಅದು ಆಯಸ್ಸು ಸ್ವಲ್ಪ ಹೆಚ್ಚಿಸತ್ತೆ, ಆದ್ರೆ ವಾಸಿ ಮಾಡತ್ತೆ ಅಂತ ನಾನು ಹೇಳಲಾರೆ.

ಇದಕ್ಕಿಂತ ಹಳೇದು ಸೈಟರಾಬಿನ್ ಅನ್ನೋ ಔಷಧಿ, ಫ್ಲೋರಿಡಾ ಕಡಲಿನ ಸ್ಪಂಜಿನಲ್ಲಿ ಬರ್ಗ್‌ಮನ್ ಅನ್ನೋ ವಿಜ್ಞಾನಿ ಕಂಡ ಅಣುಗಳ ಸುಳಿವು ಹಿಡಿದು ಮಾಡಿದ್ದು, 1969ರಿಂದ ರಕ್ತದ ಕ್ಯಾನ್ಸರ್‌ಗೆ ಬಳಕೇಲಿದೆ, ಬೇರೆ ಔಷಧಿಗಳ ಜೊತೆ ಅದನ್ನ ತಗೊಂಡು ಗುಣವಾಗಿ ಮನೆಗೆ ಹೋದವ್ರಿದ್ದಾರೆ.

ಮುಂದಿನ ಸಲ ಅಕ್ಕನ ಜೊತೆ ನೀವೂ ಹೋಗಿ, ಒಂದು ಚೀಟೀಲಿ ಎರಿಬುಲಿನ್ ಅಂತ ಬರ್ಕೊಂಡು ಹೋಗಿ ಇವರಿಗೆ ಬೇಕಾಗತ್ತಾ ಅಂತ ಕ್ಯಾನ್ಸರ್ ಡಾಕ್ಟ್ರನ್ನೇ ಕೇಳಿ. ಈಗಾಗ್ಲೇ ಕ್ಯಾಪ್ಸೂಲ್ ತಗೊಂಡಿದ್ರೆ ಬಚ್ಚಿಡದೆ ಆ ಡಬ್ಬೀನೂ ತೋರಿಸಿ, ಕೀಮೋ ನಡೀವಾಗ ಗೊತ್ತಿಲ್ಲದ ಪುಡಿಯಿಂದ ಲಿವರ್‌ಗೆ ಪೆಟ್ಟು ಬೀಳಬಹುದು.